ಸರದಿಯಲ್ಲಿ ನಿಮ್ಮ ನಂಬರ್ ಎಷ್ಟು?



ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಅಮೆರಿಕದ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕೋ ಶುಲ್ಕ 185 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದ್ರೆ 16,650 ರೂಪಾಯಿ ಆಯ್ತು. 2025-26ರ ಹಂಗಾಮಿಗೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅಂದ್ರೆ ಹಿರೇಕೆರೂರಿನ ಒಬ್ಬ ರೈತ ಬರೀ ಅರ್ಜಿ ಹಾಕೋದಕ್ಕೇ ಸುಮಾರು ಏಳು ಕ್ವಿಂಟಲ್ ಗೋವಿನಜೋಳ ತೂಗಿಸಬೇಕು. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ! ಹೋದ ನವೆಂಬರಿನಲ್ಲಿ ಆ ಬೆಲೆ ಸಿಗ್ತಿಲ್ಲ, ಖರೀದಿ ಕೇಂದ್ರ ತೆಗೀರಿ ಅಂತ ಹಾವೇರಿ ಕಡೆ ರೈತರು ರಸ್ತೆಗೆ ಇಳಿದಿದ್ದರು, ನೆನಪಿದೆಯಲ್ಲ? ಇನ್ನು ವೀಸಾ ಕೊಡಲ್ಲ ಅಂದ್ರೆ ಈ ಶುಲ್ಕ ವಾಪಸ್ ಬರೋದಿಲ್ಲ. ಏಳು ಕ್ವಿಂಟಲ್ ಹೋಯ್ತು ಅಷ್ಟೆ.

ಈ ಲೆಕ್ಕ ಯಾಕೆ ಹೇಳ್ತಿದ್ದೀನಿ ಅಂದ್ರೆ, ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಟಿಕೆಟ್ ನೋಂದಣಿ 2026ರ ಜನವರಿ 14ರಂದು ಶುರುವಾಯ್ತು. 2028ರ ಆಟ. 1900ರ ಪ್ಯಾರಿಸ್ ಆದ ಮೇಲೆ ಮೊದಲ ಸಲ ಒಲಿಂಪಿಕ್ಸ್‌ಗೆ ಕ್ರಿಕೆಟ್ ವಾಪಸ್ ಬರ್ತಿದೆ. 128 ವರ್ಷದ ನಂತರ! ಪುರುಷರಲ್ಲಿ ಆರು ತಂಡ, ಮಹಿಳೆಯರಲ್ಲಿ ಆರು ತಂಡ. ಹಾಗಾಗಿ "ನಾವೂ ಹೋಗಬಹುದಾ, ಟಿಕೆಟ್ ಹೆಂಗೆ?" ಅನ್ನೋ ಪ್ರಶ್ನೆ ಈಗ ಎಲ್ಲ ಕಡೆ ಇದೆ.

ಇಲ್ಲಿ ಕೆಲವರು ಮೂಗು ಮುರೀತಾರೆ. ಹಾನಗಲ್ಲಿನವನಿಗೆ ಯಾಕೆ ಬೇಕು ಲಾಸ್ ಏಂಜಲೀಸು, ಟೀವಿಯಲ್ಲಿ ನೋಡಿದ್ರೆ ಸಾಲದಾ ಅಂತ. ಈ ಮಾತು ನನಗೆ ಹಿಡಿಸಲ್ಲ. ಬೆಂಗಳೂರಿನ ಸದಾಶಿವನಗರದವರು ಲಂಡನ್‌ಗೆ ಹೋಗಿ ವಿಂಬಲ್ಡನ್ ನೋಡಿದ್ರೆ ಅದು ಅಭಿರುಚಿ, ಶಿಗ್ಗಾವಿಯವನು ದುಬೈಗೆ ಹೋಗಿ ಕ್ರಿಕೆಟ್ ನೋಡ್ತೀನಿ ಅಂದ್ರೆ ಅದು ದುಂದುವೆಚ್ಚ. ಯಾವ ನ್ಯಾಯ ಸ್ವಾಮಿ ಇದು? ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಇವತ್ತು ಬರೀ ಬೆಂಗಳೂರು, ಪುಣೆಯಲ್ಲಿಲ್ಲ. ಕೊಲ್ಲಿ ದೇಶಗಳಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಮಗನ ಮನೆಗೆ ಹೋದಾಗ ಒಂದು ಮ್ಯಾಚ್ ನೋಡಿ ಬರೋಣ ಅಂತ ಅಪ್ಪನಿಗೆ ಅನ್ನಿಸೋದು ತಪ್ಪಾ? ಮತ್ತೆ ಆಟದ ಹುಚ್ಚು ಈ ಸೀಮೆಗೆ ಹೊಸದಲ್ಲ. ದೀಪಾವಳಿ ಮುಗೀತಿದ್ದಂಗೆ ಹಾನಗಲ್, ಹಿರೇಕೆರೂರು, ಶಿಗ್ಗಾವಿ, ಸವಣೂರು ಸುತ್ತಿನ ಹಳ್ಳಿಗಳಲ್ಲಿ ಕೊಬ್ಬರಿ ಹೋರಿ ಓಡಿಸೋದನ್ನ ನೋಡಿದವರಿಗೆ ಗೊತ್ತು. ಸಾವಿರಾರು ಜನ. ಮಾಳಿಗೆ ಮೇಲೆ ಜನ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಜನ, ಬೇಲಿ ಮೇಲೆ ಜನ. ಟಿಕೆಟ್ಟೂ ಇಲ್ಲ, ಕ್ಯೂಆರ್ ಕೋಡೂ ಇಲ್ಲ. ಅಪಾಯ ಇದೆ, ಹೋದ ದೀಪಾವಳಿಯಲ್ಲೂ ಜೀವ ಹೋದವು, ಅದು ಬೇರೆ ದಿನ ಮಾತಾಡೋ ವಿಷಯ. ಆದ್ರೆ ನೋಡೋ ಹಕ್ಕು ಯಾರಿಗಿದೆ ಅಂತ ಅಲ್ಲಿ ಯಾರೂ ಕಾರ್ಡ್ ಕೇಳಲ್ಲ.

ವಿದೇಶದ ಸ್ಟೇಡಿಯಂ ಕೇಳುತ್ತೆ. ಹೆಂಗೆ ಕೇಳುತ್ತೆ ನೋಡಿ.

ಸವಣೂರಿನ ಒಬ್ಬ ಹುಡುಗ ಅಂತ ಇಟ್ಕೊಳ್ಳಿ. ಹೋದ ವರ್ಷದ ಚಾಂಪಿಯನ್ಸ್ ಟ್ರೋಫಿ. ಭಾರತದ ಮ್ಯಾಚುಗಳೆಲ್ಲ ದುಬೈಯಲ್ಲಿ. ಫೆಬ್ರವರಿ 23ಕ್ಕೆ ಪಾಕಿಸ್ತಾನದ ಜೊತೆ ಆಟ. ಟಿಕೆಟ್ ಮಾರಾಟ ಫೆಬ್ರವರಿ 3, ಅಲ್ಲಿನ ಸಂಜೆ ನಾಲ್ಕು ಗಂಟೆಗೆ, ಅಂದ್ರೆ ನಮ್ಮ ಐದೂವರೆಗೆ. ದರ 125 ದಿರ್ಹಾಮಿನಿಂದ ಆರಂಭ ಅಂತ ಪ್ರಕಟಣೆ. ಮೂರು ಸಾವಿರ ರೂಪಾಯಿ ಒಳಗೇ ಆಯ್ತು, ಪರವಾಗಿಲ್ಲ ಅನಿಸುತ್ತೆ. ಆದ್ರೆ ಈ 'ಆರಂಭ' ಅನ್ನೋ ಪದ ಇದೆಯಲ್ಲ, ಸೀರೆ ಅಂಗಡಿ ಬಾಗಿಲಲ್ಲಿ '199ರಿಂದ ಆರಂಭ' ಅಂತ ಹಾಕಿರ್ತಾರೆ ನೋಡಿ, ಅದೇ ಜಾತಿಯದು. ಒಳಗೆ ಹೋದ ಮೇಲೆ ಆ ಸೀರೆ ಯಾರಿಗೂ ಕಾಣಲ್ಲ.

ಹುಡುಗ ಐದು ಗಂಟೆಗೇ ಫೋನ್ ಹಿಡಿದು ಕೂತ. ಐದೂವರೆಗೆ ಪುಟ ತೆರೀತು. "ನೀವು ಸರದಿಯಲ್ಲಿದ್ದೀರಿ." ಮುಂದೆ ಎಷ್ಟು ಜನ? ಲಕ್ಷ ಮೀರಿದ ನಂಬರು. ಅವತ್ತು ಸರದಿಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಇದ್ದರು ಅಂತ ಅಲ್ಲಿನ ಪತ್ರಿಕೆಗಳೇ ಬರೆದವು. ದುಬೈ ಸ್ಟೇಡಿಯಂನಲ್ಲಿ ಕೂರೋದು 25 ಸಾವಿರ ಜನ. ಕಾಯೋದು ಒಂದು ಗಂಟೆಗೂ ಮೇಲೆ. ಆ ನಂಬರ್ ಹೆಂಗೆ ಬರುತ್ತೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಮಾರಾಟಕ್ಕೆ ಮೊದಲೇ ಬಂದು ಕಾಯ್ತಿರೋರನ್ನೆಲ್ಲ ಈ ತಂತ್ರಾಂಶಗಳು ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ ಕಲಸಿ ನಂಬರ್ ಕೊಡುತ್ತವೆ. ಮಧ್ಯಾಹ್ನದಿಂದ ಕೂತವನಿಗೆ ಲಕ್ಷದ ನಂಬರ್ ಬರಬಹುದು, ಎರಡು ನಿಮಿಷ ಮುಂಚೆ ಬಂದವನಿಗೆ ಐನೂರು ಬರಬಹುದು. ತಾಳ್ಮೆ ಕೆಟ್ಟು ರಿಫ್ರೆಶ್ ಒತ್ತಿದರೆ ಜಾಗ ಹೋಗೋ ಸಾಧ್ಯತೆ ಇದೆ. ಕರೆಂಟ್ ಹೋಗಿ ವೈಫೈ ಸತ್ತರೆ? ಅದನ್ನ ದುಬೈಯ ಕಂಪ್ಯೂಟರ್ ಕೇಳಲ್ಲ.

ಸರಿ, ಅದೃಷ್ಟಕ್ಕೆ ಸರದಿ ಬಂತು ಅಂತಲೇ ಇಟ್ಕೊಳ್ಳಿ. ಸೀಟು ಆರಿಸಿ ದುಡ್ಡು ಕಟ್ಟೋದಕ್ಕೆ ಕೆಲವೇ ನಿಮಿಷ. ಅವನ ಹತ್ರ ಇರೋದು ಡೆಬಿಟ್ ಕಾರ್ಡು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ನಮ್ಮ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರ್ತವೆ. ವಿದೇಶಿ ವಹಿವಾಟು ಬೇಕು ಅಂದ್ರೆ ನಾವೇ ಬ್ಯಾಂಕಿಗೆ ಹೇಳಿ ಅಥವಾ ಆ್ಯಪ್‌ನಲ್ಲಿ ತೆರೆಸಬೇಕು. ಒಳ್ಳೇ ನಿಯಮ, ಮೋಸ ತಡೆಯೋಕೆ ಮಾಡಿದ್ದು. ಆದ್ರೆ ನೂರಕ್ಕೆ ಎಷ್ಟು ಜನ ಮೊದಲೇ ತೆರೆಸಿಟ್ಟಿರ್ತಾರೆ? ಒಟಿಪಿ ಬರೋ ಹೊತ್ತಿಗೆ ಪರದೆ ಮೇಲೆ ಸಮಯ ಮುಗೀತು. ಮತ್ತೆ ಸರದಿ. ಆಮೇಲೆ ಒಂದು ಸಾಲು: ಟಿಕೆಟ್ ಲಭ್ಯವಿಲ್ಲ.

ಇದಕ್ಕಿಂತ ದೊಡ್ಡ ಬೇಲಿ ಫುಟ್‌ಬಾಲ್‌ನಲ್ಲಿದೆ. 2026ರ ಜೂನ್ 11ರಿಂದ ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ ವಿಶ್ವಕಪ್. ಹೋದ ಸೆಪ್ಟೆಂಬರಿನಲ್ಲಿ ಮೊದಲ ಕಂತಿನ ಲಾಟರಿಗೆ ಅರ್ಜಿ ಹಾಕೋಕೆ ವೀಸಾ ಕಂಪನಿಯ ಕಾರ್ಡ್ ಇರಲೇಬೇಕು ಅಂದ್ರು. ಪ್ರಾಯೋಜಕರು ಅವರೇ ಅಲ್ವಾ! ನಿಮ್ಮ ಗ್ರಾಮೀಣ ಬ್ಯಾಂಕಿನ ರುಪೇ ಕಾರ್ಡಿಗೆ ಆ ಬಾಗಿಲು ಮುಚ್ಚಿದ ಹಾಗೇ. ಆದ್ರೂ 45 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು ಅಂತ ಫಿಫಾನೇ ಹೇಳಿಕೊಂಡಿತು. ಬೇಡಿಕೆ ಏರಿದ ಹಾಗೆ ಬೆಲೆಯೂ ಏರಬಹುದು. ಅಧಿಕೃತ ಮರುಮಾರಾಟದಲ್ಲಿ ಮಾರೋನ ಕಡೆಯಿಂದ ಶೇ. 15, ಕೊಳ್ಳೋನ ಕಡೆಯಿಂದ ಶೇ. 15 ಫಿಫಾಕ್ಕೆ. ಎಪಿಎಂಸಿಯಲ್ಲಿ ದಲಾಲರು ಹೀಗೆ ಎರಡೂ ಕಡೆಯಿಂದ ಹಿಡಿದಿದ್ರೆ ನಮ್ಮ ರೈತಸಂಘದವರು ಬಿಡ್ತಿದ್ರಾ? ಅಭಿಮಾನಿಗಳು ಬೊಬ್ಬೆ ಹೊಡೆದ ಮೇಲೆ ಡಿಸೆಂಬರಿನಲ್ಲಿ 60 ಡಾಲರಿನ ಒಂದಿಷ್ಟು ಟಿಕೆಟ್ ಇಟ್ಟರು. ಅದೂ ಆಡೋ ದೇಶಗಳ ಖಾಯಂ ಅಭಿಮಾನಿಗಳಿಗೆ. ನಮ್ಮ ದೇಶ ಆಡ್ತಾನೇ ಇಲ್ಲ, ಬಿಡಿ.

ಕ್ರಿಕೆಟ್ಟಿಗೇ ವಾಪಸ್ ಬರೋಣ. 2024ರ ಟಿ20 ವಿಶ್ವಕಪ್. ನ್ಯೂಯಾರ್ಕ್ ಪಕ್ಕದ ನಾಸೌ ಕೌಂಟಿಯಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಸ್ಟೇಡಿಯಂ, 34 ಸಾವಿರ ಸೀಟು. ಅಲ್ಲಿ ಐಸಿಸಿ ಓಡುವ ಸರದಿ ಇಡಲಿಲ್ಲ, ಲಾಟರಿ ಇಟ್ಟಿತು. ಫೆಬ್ರವರಿ 1ರಿಂದ 7ರವರೆಗೆ ಯಾವಾಗ ಬೇಕಾದ್ರೂ ಅರ್ಜಿ ಹಾಕಿ, ಎಲ್ಲರಿಗೂ ಒಂದೇ ಅವಕಾಶ. ಇದು ನನ್ನ ಪ್ರಕಾರ ಇದ್ದದ್ದರಲ್ಲಿ ನ್ಯಾಯದ ದಾರಿ. ಬೆರಳು ಚುರುಕಾಗಿರೋನಿಗೂ, ಸೈಬರ್ ಸೆಂಟರ್‌ಗೆ ಹೋಗಿ ಬರೋನಿಗೂ ವ್ಯತ್ಯಾಸ ಇರಲ್ಲ. ಆದ್ರೆ ಭಾರತ–ಪಾಕಿಸ್ತಾನ ಮ್ಯಾಚಿಗೆ ಇದ್ದ ಟಿಕೆಟ್ಟಿಗಿಂತ 200 ಪಟ್ಟಿಗೂ ಹೆಚ್ಚು ಬೇಡಿಕೆ ಬಂತು. ಸಿಗದವರೆಲ್ಲ ಎಲ್ಲಿಗೆ ಹೋದ್ರು? ಮರುಮಾರಾಟದ ಕಂಪನಿಗಳ ಹತ್ರ. ಅತಿ ಮೇಲ್ದರ್ಜೆಯ ಸೀಟಿಗೆ ಐಸಿಸಿಯೇ 20 ಸಾವಿರ ಡಾಲರ್ ಹೇಳ್ತಿದೆ ಅಂತ ಸಿಟ್ಟಾದವರು ಯಾರು ಗೊತ್ತಾ? ಲಲಿತ್ ಮೋದಿ! ಐಪಿಎಲ್ ಕಟ್ಟಿದ ಮನುಷ್ಯನಿಗೇ ಇದು ಜಾಸ್ತಿ ಅನಿಸಿತು ಅಂದ್ರೆ ಊಹಿಸಿ.

ಜೂನ್ 9ರ ಆ ಮ್ಯಾಚಿನಲ್ಲಿ ಭಾರತ 119ಕ್ಕೆ ಆಲೌಟ್ ಆಗಿ, ಕೊನೆಗೆ 6 ರನ್ನಿಂದ ಗೆದ್ದಿತು. ಆಟ ಮುಗಿದ ಮೇಲೆ ಒಬ್ಬ ಪಾಕಿಸ್ತಾನಿ ಅಭಿಮಾನಿ ಸುದ್ದಿಸಂಸ್ಥೆಯೊಂದರ ಕ್ಯಾಮರಾ ಮುಂದೆ ಹೇಳಿದ, 3,000 ಡಾಲರ್ ಟಿಕೆಟ್ಟಿಗಾಗಿ ಟ್ರ್ಯಾಕ್ಟರ್ ಮಾರಿ ಬಂದೆ ಅಂತ. ಆ ವಿಡಿಯೋ ನಮ್ಮ ದೇಶದಲ್ಲೆಲ್ಲ ಓಡಿತು, ಜನ ನಕ್ಕರು. ನಮ್ಮ ಹಾವೇರಿ ಕಡೆಯ ವೀಕ್ಷಕರು ನಕ್ಕಿರಲಾರರು ಅಂದ್ಕೊಂಡಿದ್ದೀನಿ. ಟ್ರ್ಯಾಕ್ಟರ್ ಅಂದ್ರೆ ಏನು, ಅದರ ಕಂತು ಅಂದ್ರೆ ಏನು ಅಂತ ಅವರಿಗೆ ಗೊತ್ತು. 3,000 ಡಾಲರ್ ಅಂದ್ರೆ ಇವತ್ತಿನ ಲೆಕ್ಕದಲ್ಲಿ 2 ಲಕ್ಷದ 70 ಸಾವಿರ. ಬೆಂಬಲ ಬೆಲೆಯಲ್ಲಿ 112 ಕ್ವಿಂಟಲ್ ಗೋವಿನಜೋಳ. ನಾಲ್ಕು ತಾಸಿನ ಆಟಕ್ಕೆ.

ಇಷ್ಟು ಕೊಟ್ಟು ತಗೊಂಡ ಟಿಕೆಟ್ ತಿರುಗಿ ಹೊಡೆದಿದ್ದೂ ಇದೆ. 2019ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್. ಭಾರತ ಫೈನಲ್‌ಗೆ ಬರೋದು ಗ್ಯಾರಂಟಿ ಅಂತ ನಮ್ಮವರು ಲಾರ್ಡ್ಸ್ ಫೈನಲ್‌ನ ಟಿಕೆಟ್ ರಾಶಿ ರಾಶಿ ತಗೊಂಡಿದ್ದರು. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಸೋಲಿಸಿಬಿಟ್ಟಿತು. ಧೋನಿ ರನೌಟ್, ನೆನಪು ಮಾಡೋದು ಬೇಡ. ಆಗ ನ್ಯೂಜಿಲೆಂಡಿನ ಜಿಮ್ಮಿ ನೀಶಮ್ ಭಾರತೀಯ ಅಭಿಮಾನಿಗಳಿಗೆ ಕೈಮುಗಿದು ಕೇಳಿಕೊಂಡ: ನೀವು ಬರಲ್ಲ ಅಂದ್ರೆ ದಯವಿಟ್ಟು ಅಧಿಕೃತ ಜಾಲದಲ್ಲೇ ಮಾರಿ, ಲಾಭ ಮಾಡೋಕೆ ಹೋಗಬೇಡಿ, ನಿಜವಾದ ಅಭಿಮಾನಿಗೆ ಸಿಗಲಿ ಅಂತ. ಒಬ್ಬ ಆಟಗಾರ ಫೈನಲ್ ಆಡೋ ಮೊದಲು ಟಿಕೆಟ್ ಬಗ್ಗೆ ಮನವಿ ಮಾಡೋ ಸ್ಥಿತಿ ಬಂತು. ಯಾಕಂದ್ರೆ ಕಾಳದಂಧೆ ಮಾಡೋರು ಬರೀ ದಲ್ಲಾಳಿಗಳಲ್ಲ, ನಮ್ಮ ನಿಮ್ಮಂಥ 'ಅಭಿಮಾನಿ'ಗಳೂ ಸೇರಿಕೊಂಡಿರ್ತಾರೆ. ನಾಲ್ಕು ಟಿಕೆಟ್ ತಗೊಂಡು ಎರಡು ಮಾರಿ ವಿಮಾನದ ಖರ್ಚು ತೆಗೆಯೋಣ ಅನ್ನೋ ಬುದ್ಧಿವಂತರು.

ಈಗ ನಿಜವಾದ ಪ್ರಶ್ನೆಗೆ ಬರ್ತೀನಿ. ಸೀಟು ಕಡಿಮೆ, ಜನ ಜಾಸ್ತಿ. ಎಲ್ಲರಿಗೂ ಸಿಗಲ್ಲ. ಇದನ್ನ ಯಾರೂ ಬದಲಾಯಿಸೋಕೆ ಆಗಲ್ಲ. ಆದ್ರೆ ಒಂದನ್ನ ಬದಲಾಯಿಸಬಹುದು. ಅದು ಸಮಯ.

2022ರ ಟಿ20 ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ. ವೇಳಾಪಟ್ಟಿ ಬಂದದ್ದು ಜನವರಿ 21. ಟಿಕೆಟ್ ಮಾರಾಟ ಫೆಬ್ರವರಿ 7. ಮೆಲ್ಬರ್ನ್‌ನಲ್ಲಿ ಭಾರತ–ಪಾಕಿಸ್ತಾನ ಆಟ ಅಕ್ಟೋಬರ್ 23. ಅಂದ್ರೆ ಎಂಟೂವರೆ ತಿಂಗಳು ಮುಂಚೆ! ನಿಮಿಷಗಳಲ್ಲೇ ಮುಗಿದುಹೋಯ್ತು, ನಿಜ. ಆದ್ರೆ ಸಿಗದವನಿಗೆ ಸಿಕ್ಕಿಲ್ಲ ಅಂತ ಫೆಬ್ರವರಿಯಲ್ಲೇ ಗೊತ್ತಾಯ್ತು, ಸಿಕ್ಕವನಿಗೆ ಪಾಸ್‌ಪೋರ್ಟು, ವೀಸಾ, ವಿಮಾನ, ದುಡ್ಡು ಹೊಂದಿಸೋಕೆ ಒಂದು ಬೆಳೆ ಬಂದು ಹೋಗುವಷ್ಟು ಕಾಲ ಸಿಕ್ತು. ಆಗಸ್ಟಿನಲ್ಲಿ ನಿಂತು ನೋಡೋ ನಾಲ್ಕು ಸಾವಿರಕ್ಕೂ ಹೆಚ್ಚು ಟಿಕೆಟ್ಟನ್ನ 30 ಆಸ್ಟ್ರೇಲಿಯನ್ ಡಾಲರಿಗೆ ಬಿಟ್ಟರು. ಅಧಿಕೃತ ಮರುಮಾರಾಟ ಮೂಲಬೆಲೆಗೇ. ಅವತ್ತು ಕ್ರೀಡಾಂಗಣದಲ್ಲಿದ್ದವರು 90,293 ಜನ.

ಮಾರನೇ ವರ್ಷ ನಮ್ಮ ಮನೆಯಲ್ಲೇ ವಿಶ್ವಕಪ್. ಅಕ್ಟೋಬರ್ 5ಕ್ಕೆ ಶುರು. ವೇಳಾಪಟ್ಟಿ ಬಂದದ್ದು ಜೂನ್ 27. ಆಗಸ್ಟ್ 9ಕ್ಕೆ ಮತ್ತೆ ಬದಲು. ಅಹಮದಾಬಾದ್‌ನ ಭಾರತ–ಪಾಕಿಸ್ತಾನ ಆಟ 15ರಿಂದ 14ಕ್ಕೆ ಬಂತು. ಹೋಟೆಲು, ವಿಮಾನ ಕಾದಿರಿಸಿದ್ದವರ ಗತಿ? ಆ ಮ್ಯಾಚಿನ ಟಿಕೆಟ್ ಸಾಮಾನ್ಯರಿಗೆ ಬಿಟ್ಟಿದ್ದು ಸೆಪ್ಟೆಂಬರ್ 3. ಆಟಕ್ಕೆ ನಲವತ್ತೊಂದು ದಿನ ಮುಂಚೆ! ಜನ ಬೈದ ಮೇಲೆ, ಸೆಪ್ಟೆಂಬರ್ 6ರಂದು, ಇನ್ನೂ ನಾಲ್ಕು ಲಕ್ಷ ಟಿಕೆಟ್ ಬಿಡ್ತೀವಿ ಅಂತ ಬಿಸಿಸಿಐ ಹೇಳಿತು. ನಾಲ್ಕು ಲಕ್ಷ! ಹಾಗಾದ್ರೆ ಅವು ಅಲ್ಲಿವರೆಗೆ ಎಲ್ಲಿದ್ದವು? ಯಾರಿಗೆ ಅಂತ ಎತ್ತಿಟ್ಟಿದ್ದರು? ಈ ಪ್ರಶ್ನೆಗೆ ಉತ್ತರ ಬರಲೇ ಇಲ್ಲ.

ಇನ್ನೊಂದು ಮಾತು ಹೇಳ್ತೀನಿ, ಬೈಬೇಡಿ. ನಮಗೆ ವಿದೇಶದಲ್ಲಿ ಆಗೋ ಕಷ್ಟ ಆ ವರ್ಷ ಬೇರೆಯವರಿಗೆ ನಮ್ಮ ದೇಶದಲ್ಲಿ ಆಯ್ತು. ಪಾಕಿಸ್ತಾನದ ಅಭಿಮಾನಿಗಳಿಗೆ ವೀಸಾ ಸಿಗಲಿಲ್ಲ, ಪತ್ರಕರ್ತರಿಗೂ ತಡವಾಯ್ತು. ರಾಜಕೀಯ ಕಾರಣ ಇದೆ, ಭದ್ರತೆಯ ಕಾರಣ ಇದೆ, ನಾನು ಅಲ್ಲಗಳೆಯಲ್ಲ. ಆದ್ರೆ ಲಕ್ಷಕ್ಕೂ ಹೆಚ್ಚು ಜನ ಹಿಡಿಸೋ ಸ್ಟೇಡಿಯಂ ಪೂರ್ತಿ ನೀಲಿ. ಇದು ಐಸಿಸಿ ಪಂದ್ಯದ ಹಾಗಿಲ್ಲ, ಬಿಸಿಸಿಐ ಕಾರ್ಯಕ್ರಮದ ಹಾಗಿದೆ ಅಂತ ಪಾಕಿಸ್ತಾನ ತಂಡದ ನಿರ್ದೇಶಕ ಮಿಕಿ ಆರ್ಥರ್ ಅಂದರು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಬಂದಿದೆ, 2036ರ ಒಲಿಂಪಿಕ್ಸ್ ನಮಗೆ ಕೊಡಿ ಅಂತ ಕೇಳ್ತಿದ್ದೀವಿ. ಹೊರಗಿನಿಂದ ಬರೋ ನೋಡುಗನನ್ನ ಹೆಂಗೆ ನಡೆಸಿಕೊಳ್ತೀವಿ ಅಂತ ಅವರೂ ನೋಡ್ತಾರೆ.

ಟಿಕೆಟ್ ವಿಷಯ ಬರೀ ನಿರಾಸೆಯ ವಿಷಯ ಅಂತ ಯಾರಾದ್ರೂ ಅಂದ್ಕೊಂಡಿದ್ರೆ 2025ರ ಜೂನ್ 4ನ್ನ ನೆನಪಿಸಿಕೊಳ್ಳಿ. ಚಿನ್ನಸ್ವಾಮಿ ಕ್ರೀಡಾಂಗಣ. ಸುಮಾರು 35 ಸಾವಿರ ಜನ ಹಿಡಿಸೋ ಜಾಗ. ಉಚಿತ ಪಾಸ್ ಇದೆ, ಜಾಲತಾಣದಲ್ಲಿ ಸಿಗುತ್ತೆ, ಇಲ್ಲ ಪಾಸೇ ಬೇಡ, ಗೇಟ್ ತೆರೀತಾರೆ, ಇಲ್ಲ ತೆರೆಯಲ್ಲ. ಈ ಗೊಂದಲದ ನಡುವೆ ಲಕ್ಷಾಂತರ ಜನ ಸೇರಿದರು. 11 ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಯಾರು ಒಳಗೆ ಬರಬಹುದು, ಎಷ್ಟು ಜನ ಬರಬಹುದು ಅನ್ನೋ ಎರಡು ಸಾಲಿನ ಮಾಹಿತಿ ಸರಿಯಾಗಿ, ಮುಂಚೆಯೇ ಹೇಳಿದ್ದಿದ್ರೆ ಅಷ್ಟು ಜನ ಗೇಟಿನ ಮುಂದೆ ಯಾಕೆ ನಿಲ್ಲುತ್ತಿದ್ದರು?

ಹಾಗಾಗಿ ನಾನು ಕೇಳೋದು ಸಣ್ಣದು. ಯಾವುದೇ ಪಂದ್ಯದ ಟಿಕೆಟ್ ಮಾರೋ ಮೊದಲು ಮೂರು ಅಂಕಿ ಹೇಳಿ: ಒಟ್ಟು ಸೀಟು ಎಷ್ಟು, ಪ್ರಾಯೋಜಕರಿಗೆ ಮತ್ತು ಸಂಸ್ಥೆಗಳಿಗೆ ಎಷ್ಟು, ಸಾಮಾನ್ಯರಿಗೆ ಎಷ್ಟು. ರೈಲ್ವೆಯವರು ತತ್ಕಾಲ್ ಕೋಟಾ ಎಷ್ಟು ಅಂತ ಹೇಳಲ್ವಾ? ಕ್ರಿಕೆಟ್ ಮಂಡಳಿಗೆ ಏನು ಕಷ್ಟ? ಹೋದ ಆಗಸ್ಟಿನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸ್ ಮಾಡಿತು. ಮಾಹಿತಿ ಹಕ್ಕಿನಡಿ ಬಿಸಿಸಿಐ ಬರುತ್ತೆ ಅಂತ ಆಸೆ ಇತ್ತು. ಕೊನೆಗೆ ತಿದ್ದುಪಡಿ ಆಯ್ತು, ಸರ್ಕಾರದ ದುಡ್ಡು ಪಡೆಯೋ ಸಂಸ್ಥೆಗಳಿಗೆ ಮಾತ್ರ ಅನ್ವಯ ಅಂತ. ಬಿಸಿಸಿಐ ಸರ್ಕಾರದ ದುಡ್ಡು ತಗೊಳಲ್ಲ. ನಮ್ಮ ನಿಮ್ಮ ದುಡ್ಡೇ ಸಾಕಾಗಿದೆ ಅವರಿಗೆ.

ಸರಿ, ಲಾಸ್ ಏಂಜಲೀಸ್‌ಗೆ ಹೋಗೋ ಮನಸ್ಸಿದ್ದವರಿಗೆ ಒಂದಿಷ್ಟು ವಿಷಯ ಹೇಳಿ ಮುಗಿಸ್ತೀನಿ. ನೋಂದಣಿ ಉಚಿತ, ದುಡ್ಡು ಕೇಳಿದವನು ಮೋಸಗಾರ. ಮೊದಲ ಸುತ್ತಿಗೆ 2026ರ ಮಾರ್ಚ್ 18ರವರೆಗೆ ಸಮಯ ಇತ್ತು. ಮೊದಲ ದಿನ ಹಾಕಿದ್ರೂ ಒಂದೇ, ಕೊನೇ ದಿನ ಹಾಕಿದ್ರೂ ಒಂದೇ ಆಗಿತ್ತು, ಯಾಕಂದ್ರೆ ಚೀಟಿ ಎತ್ತೋದು ಆಮೇಲೆ. ಚೀಟಿಯಲ್ಲಿ ಹೆಸರು ಬಂದ್ರೆ ಟಿಕೆಟ್ ಬಂತು ಅಂತಲ್ಲ, ಟಿಕೆಟ್ ಕೊಳ್ಳೋಕೆ ಒಂದು ಸಮಯ ಕೊಡ್ತಾರೆ ಅಷ್ಟೆ. 28 ಡಾಲರಿಂದ ಆರಂಭ ಅಂದಿದ್ದಾರೆ, ಆ ದರದಲ್ಲಿ ಹತ್ತು ಲಕ್ಷ ಟಿಕೆಟ್ ಇವೆಯಂತೆ. ಆದ್ರೆ 'ಆರಂಭ' ಅಂದ್ರೆ ಏನು ಅಂತ ಆಗಲೇ ಮಾತಾಡಿದ್ದೀವಿ. ಕ್ರಿಕೆಟ್ ನಡೆಯೋದು ಲಾಸ್ ಏಂಜಲೀಸ್ ನಗರದೊಳಗಲ್ಲ, ಪೊಮೋನಾ ಅನ್ನೋ ಊರಲ್ಲಿ, ತಾತ್ಕಾಲಿಕ ಮೈದಾನದಲ್ಲಿ.

ಟಿಕೆಟ್ ಅಂದ್ರೆ ವೀಸಾ ಅಲ್ಲ. ಇದನ್ನ ಫುಟ್‌ಬಾಲ್ ವಿಶ್ವಕಪ್ ಬಗ್ಗೆ ಅಮೆರಿಕ ಸರ್ಕಾರವೇ ಸ್ಪಷ್ಟವಾಗಿ ಹೇಳಿದೆ. ಟಿಕೆಟ್ ಇದ್ದವರಿಗೆ ಸಂದರ್ಶನದ ದಿನಾಂಕ ಬೇಗ ಕೊಡಬಹುದು, ವೀಸಾ ಕೊಟ್ಟೇ ಕೊಡ್ತೀವಿ ಅಂತಿಲ್ಲ. ಹೋದ ವರ್ಷ ಜನವರಿ 17ಕ್ಕೆ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ನಾವೂ ಸಂಭ್ರಮಿಸಿದ್ವಿ. ಆದ್ರೆ ಅದು ಬಾಗಿಲು ತೆರೆದದ್ದು ವೀಸಾ ಸೇವೆ ಇಲ್ಲದೆ. ಸಂದರ್ಶನಕ್ಕೆ ನಮ್ಮವರು ಚೆನ್ನೈಗೋ ಹೈದರಾಬಾದ್‌ಗೋ ಓಡಬೇಕು. ಹಾನಗಲ್ಲಿನವನು ಮೊದಲು ಬಸ್ಸಿನಲ್ಲಿ ಹಾವೇರಿಗೆ ಬರಬೇಕು, ಅವನ ತಾಲ್ಲೂಕಿಗೆ ರೈಲೇ ಇಲ್ಲ. ಪಾಸ್‌ಪೋರ್ಟ್ ಇಲ್ಲದವರು ಈಗಲೇ ಹುಬ್ಬಳ್ಳಿಯ ಸೇವಾ ಕೇಂದ್ರದ ಕೆಲಸ ಮುಗಿಸಿ. 36 ಪುಟದ್ದಕ್ಕೆ 1,500 ರೂಪಾಯಿ, ಆಟ ನೋಡೋಕೆ ಹೋಗದಿದ್ರೂ ಉಪಯೋಗಕ್ಕೆ ಬರುತ್ತೆ.

ಇನ್ನೊಂದು. "ಕಾಕಾ, ನಾನ್ ಕೊಡಸ್ತೀನ್ರಿ, ಅರ್ಧಾ ರೊಕ್ಕಾ ಈಗ ಹಾಕ್ರಿ" ಅಂತ ಫೋನ್ ಬಂದ್ರೆ ಹಾಕಬೇಡಿ. ಟಿಕೆಟ್ಟಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ ಅಂದ ಮಾತ್ರಕ್ಕೆ ಅದು ಟಿಕೆಟ್ ಅಲ್ಲ. ಈಗ ದೊಡ್ಡ ಕೂಟಗಳಲ್ಲಿ ಟಿಕೆಟ್ ಬರೋದು ಅವರವರ ಆ್ಯಪ್‌ಗೆ, ಕೋಡ್ ಬದಲಾಗ್ತಾ ಇರುತ್ತೆ, ಸ್ಕ್ರೀನ್‌ಶಾಟ್ ಹಿಡಿದು ಗೇಟಿಗೆ ಹೋದ್ರೆ ವಾಪಸ್ ಕಳಿಸ್ತಾರೆ. ಅಲ್ಲಿ ನಿಂತು ನೀವು ಯಾರಿಗೆ ಫೋನ್ ಮಾಡ್ತೀರಿ? ಅಷ್ಟೊತ್ತಿಗೆ ಆ ನಂಬರ್ ಸ್ವಿಚ್ ಆಫ್ ಆಗಿರುತ್ತೆ. ಮೋಸ ಆಗಿದ್ರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಗೆ ಇರೋ ಸಹಾಯವಾಣಿ ಅದು. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯೋ ಅವಕಾಶ ಹೆಚ್ಚು.

ಮತ್ತೆ ಆ ಕಾರ್ಡಿನಲ್ಲಿ ವಿದೇಶಿ ವಹಿವಾಟು ತೆರೆಸೋ ಕೆಲಸ ಇದೆಯಲ್ಲ, ಅದನ್ನ ಮಾರಾಟದ ದಿನ ಸಂಜೆ ಐದೂವರೆಗೆ ಇಟ್ಕೋಬೇಡಿ. ನಾಳೆ ಬ್ಯಾಂಕಿಗೆ ಹೋದಾಗಲೇ ಮಾಡಿಸಿಬಿಡಿ. ಟಿಕೆಟ್ ಕೊಂಡ ಮೇಲೆ ಮತ್ತೆ ಮುಚ್ಚಿಸೋದನ್ನ ಮರೀಬೇಡಿ.